ಕ್ಯಾನ್ ನೀರಿಗೆ ಲೋಳೆ

ಪ್ರಶ್ನೆ: 20 ಲೀಟರ್ ಕ್ಯಾನ್ ತರಿಸುತ್ತೇವೆ. ಮೂರೇ ದಿನಕ್ಕೆ ಡಿಸ್ಪೆನ್ಸರ್ ನಲ್ಲಿಯಲ್ಲಿ ಲೋಳೆ, ನೀರಿಗೆ ವಾಸನೆ. ಆರ್‌ಒ ನೀರು ಕೆಡುತ್ತದೆಯೇ?
– ಓದುಗರು, ಸಿಂಧನೂರು, ರಾಯಚೂರು ಜಿಲ್ಲೆ

ಉತ್ತರ: ಕೆಡುತ್ತದೆ. ಆರ್‌ಒ ನೀರಿನಲ್ಲಿ ಬ್ಯಾಕ್ಟೀರಿಯಾ ಕೊಲ್ಲುವ ಕ್ಲೋರಿನ್ ಸಾಮಾನ್ಯವಾಗಿ ಉಳಿದಿರುವುದಿಲ್ಲ. ಸರಿಯಾಗಿ ತೊಳೆಯದ ಕ್ಯಾನ್, ಕೈ, ನಲ್ಲಿಯಿಂದ ಸೇರಿದ ಬ್ಯಾಕ್ಟೀರಿಯಾ ನಿಮ್ಮೂರಿನ ಬಿಸಿಲಿಗೆ ಬೇಗ ಬೆಳೆಯುತ್ತದೆ. ಲೋಳೆ ಎಲ್ಲವೂ ರೋಗ ತರುವುದಿಲ್ಲ ನಿಜ, ಆದರೆ ಮಲದಿಂದ ಸೇರುವ ಇ. ಕೊಲೈ ಬ್ಯಾಕ್ಟೀರಿಯಾ 250 ಮಿ.ಲೀ. ನೀರಿನಲ್ಲಿ ಒಂದೂ ಇರಬಾರದು ಎನ್ನುತ್ತದೆ ಪ್ಯಾಕ್ ಮಾಡಿದ ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 14543.

ನಲ್ಲಿ ಬಿಚ್ಚಿ, ವಾಷರ್ ಸಂದಿಯನ್ನು ಬ್ರಷ್‌ನಿಂದ ಉಜ್ಜಿ. ಲೋಳೆ ಉಳಿದರೆ ಬ್ಲೀಚ್‌ನ ಕ್ಲೋರಿನ್ ಒಳಗಿಳಿಯುವುದಿಲ್ಲ. ಆಮೇಲೆ ಲೀಟರ್ ನೀರಿಗೆ ಶೇ. 4ರ (ಸೋಡಿಯಂ ಹೈಪೋಕ್ಲೋರೈಟ್), ಪರಿಮಳವಿಲ್ಲದ ಬ್ಲೀಚ್ ದ್ರಾವಣ 5 ಮಿ.ಲೀ. ಬೆರೆಸಿ, ಡಿಸ್ಪೆನ್ಸರ್‌ಗೆ ತುಂಬಿ, ನಲ್ಲಿಯಲ್ಲೂ ಹರಿಸಿ, 10 ನಿಮಿಷ ಬಿಡಿ. ಕುದಿಸಿ ಆರಿಸಿದ ನೀರಿನಲ್ಲಿ ಚೆನ್ನಾಗಿ ತೊಳೆಯಿರಿ. ಸೀಲ್ ಸಡಿಲವಿದ್ದ ಕ್ಯಾನ್ ವಾಪಸ್ ಕಳಿಸಿ. ಮಗುವಿಗಾದರೆ ಕೊತಕೊತ ಒಂದು ನಿಮಿಷ ಕುದಿಸಿಯೇ ಕೊಡಿ.