ಆಪ್ತಸಲಹೆ ಪ್ರಕರಣ: ಶನಿವಾರ ಶನಿವಾರ ಪಾಪನಿವೇದನೆಗೆ ಹೋಗುತ್ತಿದ್ದ ತಾಯಿ

(ಹೆಸರುಗಳು ನಿಜವಲ್ಲ. ಊರು, ವಯಸ್ಸು, ಇನ್ನೂ ಕೆಲವು ಗುರುತು ಬದಲಿಸಿದ್ದೇನೆ. ತಾಯಿ ಮಗ ಇಬ್ಬರಿಗೂ ಓದಿ ಹೇಳಿ, ಅವರು ಬೇಡವೆಂದದ್ದನ್ನು ತೆಗೆದು, ಒಪ್ಪಿಗೆ ಪಡೆದು ಬರೆದದ್ದು.)

ಸೆಲಿನಮ್ಮನನ್ನು ಹಾಸನದ ನನ್ನ ಕೊಠಡಿಗೆ ಕಳಿಸಿದವರು ಅವರ ಧರ್ಮಕೇಂದ್ರದ ಗುರುಗಳು. ಫೋನಿನಲ್ಲಿ ಅವರು ಹೇಳಿದ್ದು ಇಷ್ಟೇ: "ಈ ಅಮ್ಮನ್ನ ಒಂದ್ಸಲ ನೋಡಿ ಮೇಡಂ. ಇದು ನನ್ನೊಬ್ಬನ ಕೈಲಿ ಆಗೋದಲ್ಲ." ಪಾಪನಿವೇದನೆಯಲ್ಲಿ, ಅಂದರೆ ಭಕ್ತರು ತಮ್ಮ ಪಾಪ ಹೇಳಿಕೊಂಡು ದೇವರ ಕ್ಷಮೆ ಕೇಳುವಾಗ, ಕೇಳಿದ್ದನ್ನು ಕಥೋಲಿಕ ಗುರುಗಳು ಯಾರಿಗೂ, ಯಾವ ಕಾರಣಕ್ಕೂ ಹೇಳುವಂತಿಲ್ಲ. ಇವರೂ ಹೇಳಲಿಲ್ಲ, ನಾನೂ ಕೆದಕಲಿಲ್ಲ. ಹೇಳಿದ್ದು ಸೆಲಿನಮ್ಮನೇ. ಪ್ರತಿ ಶನಿವಾರ ಸಂಜೆ ಪಾಪನಿವೇದನೆಗೆ ಹೋಗುತ್ತಾರೆ, ಪ್ರತಿ ಸಲವೂ ಒಂದೇ ಮಾತು: "ನನ್ ಪಾಪದಿಂದ ಮಗನಿಗೆ ಹಿಂಗಾಯ್ತು." ಯಾವ ಪಾಪ ಎಂದು ಕೇಳಿದೆ. "ಅದೇ ಗೊತ್ತಿಲ್ಲ ಮೇಡಂ. ಗೊತ್ತಿದ್ರೆ ಇಷ್ಟೊತ್ತಿಗೆ ಕಳಕೊಂಡಿರ್ತಿದ್ದೆ."

ಮಗ ಪ್ರವೀಣ. ಡಿಪ್ಲೊಮಾ ಮುಗಿಸಿ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದ. ಇಪ್ಪತ್ತೊಂದರ ಹೊತ್ತಿಗೆ ನಿದ್ದೆ ಕೆಟ್ಟಿತು. ರೂಮಿನಲ್ಲಿ ಜೊತೆಗಿದ್ದವರು ತನ್ನನ್ನು ಕೊಲ್ಲಲು ಮಾತಾಡಿಕೊಳ್ಳುತ್ತಿದ್ದಾರೆ ಎನ್ನತೊಡಗಿದ. ಯಾರೂ ಇಲ್ಲದಾಗಲೂ ಅವರ ಧ್ವನಿ ಕೇಳಿಸುತ್ತಿತ್ತು. ಊರಿಗೆ ಕರೆತಂದು ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗಕ್ಕೆ ತೋರಿಸಿದರು. ಸ್ಕಿಜೋಫ್ರೇನಿಯಾ ಎಂದರು, ಮಾತ್ರೆ ಬರೆದರು. ಮಾತ್ರೆ ಹಿಡಿಯಿತು. ಹುಡುಗ ಗದ್ದೆಗೆ ಹೋಗುವಷ್ಟು, ತಂಗಿಯ ಜೊತೆ ಜಗಳ ಆಡುವಷ್ಟು ಸುಧಾರಿಸಿದ.

ಕೆಟ್ಟದ್ದು ಆಮೇಲೆ. ಸೆಲಿನಮ್ಮನ ಅತ್ತೆಯ ಕಡೆಯವರು ಬೇರೆ ಊರಿನ ಒಬ್ಬ ಪ್ರಾರ್ಥನೆಯ ಬ್ರದರನ್ನು ಮನೆಗೆ ಕರೆತಂದರು. ಇದು ಹೇಮಾವತಿಯ ಹಿನ್ನೀರಿಗೆ ಊರು ಬಿಟ್ಟುಕೊಟ್ಟ ಮನೆತನ. ಆ ಕಡೆಯ ಕ್ರೈಸ್ತರಿಗೆ ಮುಳುಗಡೆ ಹಳೆಯ ಗಾಯ. ಆ ಹಿನ್ನೀರಿನಲ್ಲಿ ನಿಂತ ಶೆಟ್ಟಿಹಳ್ಳಿಯ ಪಾಳು ಚರ್ಚಿನ ಮುಂದೆ ಫೋಟೊ ತೆಗೆಸಿಕೊಳ್ಳುವ ನಮಗೆ ಅದು ನೋಟ, ಮನೆ ಗದ್ದೆ ಸಮಾಧಿ ಬಿಟ್ಟು ಎದ್ದವರಿಗೆ ಅಲ್ಲ. ಬ್ರದರ್ ಆ ಗಾಯಕ್ಕೇ ಬೆರಳಿಟ್ಟ. ಹಿರಿಯರ ಸಮಾಧಿಗಳನ್ನು ನೀರಿಗೆ ಬಿಟ್ಟು ಬಂದ ಶಾಪ ವಂಶಕ್ಕೆ ತಟ್ಟಿದೆ, ಅದರ ಮೇಲೆ ತಾಯಿಯ ಯಾವುದೋ ಬಚ್ಚಿಟ್ಟ ಪಾಪ ಸೇರಿದೆ ಎಂದ. ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ಓದಿದ. ಸಮಾಧಿಗಳ ನಡುವೆ ಇದ್ದ, ದೆವ್ವ ಹಿಡಿದ ಮನುಷ್ಯನ ಕತೆ. ಮಾತ್ರೆ ನುಂಗುವುದೆಂದರೆ ದೇವರ ಮೇಲೆ ಅಪನಂಬಿಕೆ ಎಂದ. ಮಾತ್ರೆ ನಿಂತಿತು.

ಮುಂದಿನದು ಊರ ಹಬ್ಬದ ದಿನ. ತೇರು ಹೊರಟಿತ್ತು, ಬ್ಯಾಂಡ್ ಸೆಟ್ ಬಡಿಯುತ್ತಿತ್ತು. ಪ್ರವೀಣ ಜನರ ನಡುವಿನಿಂದ ಮುಂದೆ ಬಂದು, ಒಂದೊಂದಾಗಿ ಬಟ್ಟೆ ಕಳಚಿ, ತೇರಿನ ಮುಂದೆ ನಡೆದ. ಯಾರೋ ಮೊಬೈಲಿನಲ್ಲಿ ತೆಗೆದರು. ಸಂಜೆಯೊಳಗೆ ಅದು ಬೆಂಗಳೂರಿನ ನೆಂಟರ ಫೋನು ಮುಟ್ಟಿತ್ತು. ಅಂದಿನಿಂದ ಸೆಲಿನಮ್ಮ ಚರ್ಚಿನ ಭಾನುವಾರದ ಪೂಜೆಗೆ, ಅಂದರೆ ಬಲಿಪೂಜೆಗೆ ಹೋದರೂ ಬಾಗಿಲ ಬಳಿ ನಿಂತು, ಪರಮಪ್ರಸಾದ ಹಂಚುವ ಹೊತ್ತಿಗೆ ಹೊರಟುಬಿಡುತ್ತಿದ್ದರು. ಜನ ಹೆಚ್ಚಿಲ್ಲದ ಶನಿವಾರ ಸಂಜೆ ಮಾತ್ರ ಪಾಪನಿವೇದನೆಗೆ.

ಮೊದಲ ಭೇಟಿಯಲ್ಲಿ ನಾನು ದೇವರ ವಿಷಯ ಎತ್ತಲಿಲ್ಲ. ಹುಡುಗ ಮಾತ್ರೆ ಬಿಟ್ಟು ತಿಂಗಳುಗಳಾಗಿತ್ತು, ಅದೇ ಮೊದಲು ಆಗಬೇಕಾದ ಕೆಲಸ. ಇದು ನೂರರಲ್ಲಿ ಸುಮಾರು ಒಬ್ಬರಿಗೆ ಜೀವನದಲ್ಲಿ ಬರಬಹುದಾದ ಕಾಯಿಲೆ, ಹೆಚ್ಚಾಗಿ ಹದಿಹರೆಯದ ಕೊನೆಗೋ ಇಪ್ಪತ್ತರ ಆಸುಪಾಸಿನಲ್ಲೋ ಶುರುವಾಗುತ್ತದೆ, ಮಾತ್ರೆ ನಿಲ್ಲಿಸಿದರೆ ಮರುಕಳಿಸುವ ಸಾಧ್ಯತೆ ಬಹಳ ಎಂದು ತಿಳಿಸಿ, ಅದೇ ವಾರ ಮತ್ತೆ ಡಾಕ್ಟರ ಹತ್ತಿರ ಕಳಿಸಿದೆ. ದಿನಾ ಮಾತ್ರೆಯ ಜಗಳ ಬೇಡವೆಂದು ಡಾಕ್ಟರು ತಿಂಗಳಿಗೊಮ್ಮೆಯ ಇಂಜೆಕ್ಷನ್ನಿನ ಬಗ್ಗೆ ಹೇಳಿದರು. ಪ್ರವೀಣ ಒಪ್ಪಿದ.

ಮಗ ಸುಧಾರಿಸುತ್ತ ಬಂದ, ತಾಯಿ ಬರಲಿಲ್ಲ. ಅವರ ಕಣ್ಣಿನ ಒಂದು ಚಲನೆ ನನ್ನ ಗಮನಕ್ಕೆ ಬಂತು. ಪ್ರವೀಣ ಟೀ ಲೋಟ ತೆಗೆದುಕೊಳ್ಳಲು ಕೈ ಚಾಚಿದಾಗಲೆಲ್ಲ ತುಂಬುತೋಳಿನ ಅಂಗಿ ಸ್ವಲ್ಪ ಹಿಂದೆ ಸರಿಯುತ್ತಿತ್ತು, ಆ ಕ್ಷಣಕ್ಕೆ ಸರಿಯಾಗಿ ಸೆಲಿನಮ್ಮ ಕಿಟಕಿಯ ಕಡೆ ನೋಡುತ್ತಿದ್ದರು. ಮಣಿಕಟ್ಟಿನ ಸುತ್ತ ಕಪ್ಪು ಗೆರೆ. ಮಗನನ್ನು ಹೊರಗೆ ಕೂರಿಸಿ ಆ ಗೆರೆಯ ಬಗ್ಗೆ ಕೇಳಿದೆ. ಬಹಳ ಹೊತ್ತು ಸೆರಗಿನ ಅಂಚು ಸುತ್ತುತ್ತಿದ್ದವರು ಹೇಳಿದರು: ಹಬ್ಬದ ರಾತ್ರಿ ಬೀಜದ ಆಲೂಗಡ್ಡೆ ಇಡೋ ಕೋಣೇಲಿ ಕಟ್ಟಿಹಾಕಿದ್ವಿ, ಎರಡು ರಾತ್ರಿ. "ಯಜಮಾನ್ರ ಕೈ ನಡುಗ್ತಿತ್ತು. ಗಂಟು ಹಾಕಿದ್ದು ನಾನೇ ಮೇಡಂ. ಹಸ ಕಟ್ಟೋ ಗಂಟು."

"ಇದನ್ನ ಪಾಪನಿವೇದನೇಲಿ ಹೇಳಿದ್ದೀರಾ ಅಮ್ಮ?"

"ಇಲ್ಲ."

ಇಡೀ ಪ್ರಕರಣದ ಕೀಲು ಇಲ್ಲಿದೆ. ಮಾಡದೇ ಇದ್ದ ಪಾಪಕ್ಕೆ ವಾರವಾರ ಕ್ಷಮೆ ಕೇಳುತ್ತಿದ್ದರು. ಮಾಡಿದ್ದನ್ನು ಒಮ್ಮೆಯೂ ಬಾಯಿಗೆ ತಂದಿರಲಿಲ್ಲ. ನಾಚಿಕೆ ಹೀಗೆ ಕೆಲಸ ಮಾಡುವುದನ್ನು ನಾನು ಬೇರೆ ಮನೆಗಳಲ್ಲೂ ನೋಡಿದ್ದೇನೆ. ಹೆಸರಿಲ್ಲದ ಒಂದು ದೊಡ್ಡ ಪಾಪವನ್ನು ಹೊದ್ದುಕೊಂಡುಬಿಟ್ಟರೆ ಹೆಸರಿರುವ ಸಣ್ಣದು ಕಾಣುವುದಿಲ್ಲ. ತಪ್ಪಿಗೆ ಕ್ಷಮೆ ಮದ್ದು, ನಿಜ. ಆದರೆ ಹತ್ತು ಜನರ ಮುಂದೆ ಮಾನ ಹೋಯಿತು ಎಂದು ಕುಗ್ಗಿದವರಿಗೆ "ದೇವರು ಕ್ಷಮಿಸಿದ್ದಾನೆ" ಎಂದರೆ, ಅಲ್ಲಿ ಕ್ಷಮಿಸುವಂಥ ತಪ್ಪೊಂದು ಇತ್ತೆಂದು ನಾವೇ ಮೊಹರು ಒತ್ತಿದ ಹಾಗೆ. ಅವರಿಗೆ ಬೇಕಾದದ್ದು ಮತ್ತೆ ಬೆಂಚಿನ ಮೇಲೆ, ಎಲ್ಲರ ನಡುವೆ, ಒಂದು ಜಾಗ.

ಹಾಗಾಗಿ ಎರಡನ್ನೂ ಬೇರೆ ಬೇರೆ ಇಟ್ಟು ಮಾತಾಡಿದೆ. ಶಾಪದ ವಿಷಯಕ್ಕೆ ನನ್ನ ಮಾತಿಗಿಂತ ಸತ್ಯವೇದದ ಮಾತಿಗೆ ತೂಕ ಹೆಚ್ಚೆಂದು ಗೊತ್ತಿತ್ತು. ಯೆಹೆಜ್ಕೇಲನ 18ನೇ ಅಧ್ಯಾಯ ಅವರ ಕೈಯಲ್ಲೇ ಓದಿಸಿದೆ. ಅಪ್ಪಂದಿರು ಹುಳಿ ದ್ರಾಕ್ಷಿ ತಿಂದರೆ ಮಕ್ಕಳ ಹಲ್ಲು ಚಳಿತುಹೋಗುತ್ತದೆ ಎಂಬ ಗಾದೆಯನ್ನು ಇನ್ನು ಮೇಲೆ ಯಾರೂ ಆಡಕೂಡದು ಎಂದು ದೇವರೇ ಹೇಳುವ ಭಾಗ ಅದು. ಆಮೇಲೆ ಯೊವಾನ್ನನ 9ನೇ ಅಧ್ಯಾಯ. ಹುಟ್ಟುಕುರುಡನನ್ನು ತೋರಿಸಿ, ಪಾಪ ಮಾಡಿದವರು ಇವನೋ ಇವನ ಹೆತ್ತವರೋ ಎಂದು ಶಿಷ್ಯರು ಕೇಳುತ್ತಾರೆ. ಇವನೂ ಅಲ್ಲ, ಇವನ ಹೆತ್ತವರೂ ಅಲ್ಲ ಎನ್ನುತ್ತಾರೆ ಯೇಸು. ಸೆಲಿನಮ್ಮ ಆ ಸಾಲನ್ನು ಮತ್ತೊಮ್ಮೆ ಓದಿ, "ಇದು ನಮ್ ಬೈಬಲ್ಲಲ್ಲೂ ಹಿಂಗೇ ಐತಾ?" ಎಂದರು. ಮನೆಗೆ ಹೋಗಿ ನೋಡಿ ಎಂದೆ.

ವಂಶದ ಶಾಪ ಬಿಡಿಸುವ ಪ್ರಾರ್ಥನೆಗಳ ಬಗ್ಗೆ ಧರ್ಮಸಭೆ ಸುಮ್ಮನೆ ಕೂತಿಲ್ಲ. 2024ರ ನವೆಂಬರಿನಲ್ಲಿ ಸ್ಪೇನಿನ ಧರ್ಮಾಧ್ಯಕ್ಷರು (ಬಿಷಪ್ಪರು), ಪಾಪ ತಲೆಮಾರಿನಿಂದ ತಲೆಮಾರಿಗೆ ಹರಿದು ಕಾಯಿಲೆಯಾಗಿ ಕಾಣಿಸುತ್ತದೆ ಎಂಬ ಮಾತು ಕಥೋಲಿಕ ಬೋಧನೆಯಲ್ಲ ಎಂದು ಸ್ಪಷ್ಟವಾಗಿ ಬರೆದರು. ದೆವ್ವ ಬಿಡಿಸುವ ವಿಧಿಯನ್ನು ಧರ್ಮಾಧ್ಯಕ್ಷರ ಅನುಮತಿ ಇಲ್ಲದೆ ಯಾರೂ ನಡೆಸುವಂತಿಲ್ಲ. ಧರ್ಮೋಪದೇಶದ ಅಧಿಕೃತ ಗ್ರಂಥದ 1673ನೇ ಪರಿಚ್ಛೇದವಂತೂ ಮನಸ್ಸಿನ ಕಾಯಿಲೆ ಬೇರೆಯದೇ ವಿಷಯ, ಅದನ್ನು ನೋಡಬೇಕಾದ್ದು ವೈದ್ಯವಿಜ್ಞಾನ ಎನ್ನುತ್ತದೆ. ಇಷ್ಟೆಲ್ಲ ಬರೆದಿಟ್ಟಿದ್ದರೂ ಹಳ್ಳಿಯ ಮನೆಗೆ ಮೊದಲು ತಲುಪುವವನು ಬ್ರದರ್. ಅವನು ಸ್ಕೂಟರಿನಲ್ಲಿ ಬರುತ್ತಾನೆ, ರಾತ್ರಿ ಹತ್ತಕ್ಕೆ ಕರೆದರೂ ಬರುತ್ತಾನೆ. ಅದನ್ನು ನಮ್ಮ ಗುರುಗಳು ಯೋಚಿಸಬೇಕು.

ಬ್ರದರ್ ಓದಿದ ಮಾರ್ಕನ ಅಧ್ಯಾಯವನ್ನೂ ಬಿಡಲಿಲ್ಲ. ಆ ಮನುಷ್ಯನಿಗೆ ಸರಪಳಿ ಹಾಕಿದವರು ಊರಿನವರು, ಯೇಸು ಅಲ್ಲ. ಕೊನೆಗೆ ಅವನು ಬಟ್ಟೆ ತೊಟ್ಟು, ಸ್ವಸ್ಥಬುದ್ಧಿಯಿಂದ ಕೂತಿರುತ್ತಾನೆ, ಯೇಸು ಅವನನ್ನು ಮನೆಗೆ, ತನ್ನವರ ಹತ್ತಿರ ಹೋಗು ಎಂದು ಕಳಿಸುತ್ತಾರೆ. ಬ್ರದರ್ ಅಷ್ಟು ದೂರ ಓದಿರಲಿಲ್ಲ.

ಗಂಟಿನ ವಿಷಯದಲ್ಲಿ ಸಮಾಧಾನದ ಮಾತು ಹೇಳಲಿಲ್ಲ. ಗಾಬರಿಯಲ್ಲಿ, ಬೇರೆ ದಾರಿ ಕಾಣದೆ ಮಾಡಿದ್ದು ಹೌದು. ಆದರೂ ಮಾಡಬಾರದ್ದು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 95ನೇ ಕಲಮು ಮನೋರೋಗಿಗಳನ್ನು ಯಾವ ರೀತಿಯಲ್ಲೂ ಸರಪಳಿಯಲ್ಲಿ ಕಟ್ಟುವಂತಿಲ್ಲ ಎನ್ನುತ್ತದೆ. ಹಗ್ಗವಾದರೇನು, ಹಿಂಸೆ ಅದೇ. ಮತ್ತೆ ಅಂಥ ರಾತ್ರಿ ಬಂದರೆ 14416ಕ್ಕೆ, ಅಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ಗೆ ಫೋನ್ ಮಾಡಿ, ಕೈಮೀರಿದರೆ 108 ಕರೆದು ಆಸ್ಪತ್ರೆಗೆ ಬನ್ನಿ ಎಂದು ಗಂಡ ಇನ್ನಾಸಪ್ಪನವರ ಫೋನಿನಲ್ಲಿ ಎರಡೂ ನಂಬರು ಹಾಕಿಸಿದೆ. ಸೆಲಿನಮ್ಮನಿಗೆ ಹೇಳಿದ್ದು: ಈ ಒಂದನ್ನು, ಇದನ್ನು ಮಾತ್ರ, ಒಂದೇ ಸಲ ಪಾಪನಿವೇದನೆಯಲ್ಲಿ ಹೇಳಿ. ಅದಕ್ಕೂ ಮೊದಲು ಮಗನಿಗೆ ಹೇಳಿ.

ಮಗನಿಗೆ ನನ್ನೆದುರೇ ಹೇಳಿದರು. "ತಪ್ಪಾಯ್ತು ಕಣೋ" ಎಂದರು. ಅಳು, ಅಪ್ಪುಗೆ ಏನೂ ಆಗಲಿಲ್ಲ. ಪ್ರವೀಣ ನೆಲ ನೋಡುತ್ತ, "ಲೈಟ್ ಆರ್ಸಿ ಹೋದ್ರಿ" ಎಂದ. ಕಟ್ಟಿದ್ದಲ್ಲ, ಕತ್ತಲಲ್ಲಿ ಬಿಟ್ಟದ್ದು ಅವನಿಗೆ ನಾಟಿತ್ತು. ಆ ಕೋಣೆಯ ಹೊರಗಿನ ಚಿಲಕ ಕಿತ್ತುಹಾಕಬೇಕೆಂದು ಕೇಳಿದ. ಇನ್ನಾಸಪ್ಪ ಅದೇ ಸಂಜೆ ಕಿತ್ತರಂತೆ. ಕ್ಷಮಿಸಿದೆ ಎಂದು ಅವನ ಬಾಯಿಂದ ಹೊರಡಿಸಲು ನಾನು ಬಿಡಲಿಲ್ಲ. ಅದು ಅವನಿಗೆ ಬಿಟ್ಟದ್ದು.

ಗುರುಗಳ ಹತ್ತಿರ ಮಾತಾಡಲು ಸೆಲಿನಮ್ಮ ಒಪ್ಪಿಗೆ ಕೊಟ್ಟ ಮೇಲೆ ಅವರಿಗೂ ಕೆಲವು ಸಲಹೆ ಕೊಟ್ಟೆ. ಒಮ್ಮೆ ಹೇಳಿ ಮುಗಿಸಿದ ಪಾಪವನ್ನು ಮತ್ತೆ ಮತ್ತೆ ತಂದರೆ ದಯವಿಟ್ಟು ತಡೆಯಿರಿ ಎಂದೆ. ಇದು ಹೊಸ ಮಾತಲ್ಲ. ಲೊಯೋಲದ ಸಂತ ಇಗ್ನೇಷಿಯಸ್ 1522ರಲ್ಲಿ ಸ್ಪೇನಿನ ಮನ್ರೇಸಾದಲ್ಲಿ ಇದೇ ಕಾಟಕ್ಕೆ ಸಿಕ್ಕಿದ್ದರು. ಹಳೆಯ ಪಾಪಗಳನ್ನು ಎಷ್ಟು ಹೇಳಿಕೊಂಡರೂ ನೆಮ್ಮದಿಯಿಲ್ಲದೆ ಸಾಯುವ ಯೋಚನೆಯವರೆಗೂ ಹೋಗಿದ್ದರು. ತೀರಾ ಸ್ಪಷ್ಟವಾದದ್ದಲ್ಲದೆ ಹಳೆಯದನ್ನು ಹೇಳಬೇಡ ಎಂದರು ಅವರ ಗುರುಗಳು. ಆಗಲೂ ಕಾಟ ಬಿಡಲಿಲ್ಲ, ಎಲ್ಲವೂ ಸ್ಪಷ್ಟವೆಂದೇ ತೋರುತ್ತಿತ್ತು. ಹಳೆಯದನ್ನು ಇನ್ನು ಹೇಳುವುದೇ ಇಲ್ಲವೆಂದು ಅವರೇ ತೀರ್ಮಾನಿಸಿದ ಮೇಲೆ ಬಿಡುಗಡೆ. ನಮ್ಮ ಕಡೆಯ ಇನ್ನಾಸಪ್ಪಂದಿರ ಹೆಸರು ಈ ಸಂತರದ್ದೇ. ಗುರುಗಳು ಸೆಲಿನಮ್ಮನಿಗೆ ಇದನ್ನು ಹೇಳಿದಾಗ ಅವರು ಗಂಡನ ಮುಖ ನೋಡಿ ನಕ್ಕರಂತೆ.

ಇನ್ನೊಂದು ಮಾತು ಗುರುಗಳಿಗೆ ಸ್ವಲ್ಪ ಕಟುವಾಗಿಯೇ ಹೇಳಿದೆ. ಊರಿನಲ್ಲಿ ಎಲ್ಲರೂ ಈ ತಾಯಿಗೆ "ನಿನ್ನ ಶಿಲುಬೆ ನೀನೇ ಹೊರಬೇಕು" ಎನ್ನುತ್ತಿದ್ದರು. ಹಿಂಬಾಲಿಸಲು ಬಂದವರಿಗೆ ಯೇಸು ಹೇಳಿದ ಮಾತನ್ನು ಕಾಯಿಲೆಯ ಮನೆಯವರಿಗೆ ಎಸೆದು ಬರುವುದು ಯಾವ ಪಾಲನೆ? ಯೇಸು ಶಿಲುಬೆ ಹೊತ್ತು ನಡೆದದ್ದನ್ನು ಹದಿನಾಲ್ಕು ಸ್ಥಳಗಳಲ್ಲಿ ನಿಂತು ನೆನೆಯುವ ಪ್ರಾರ್ಥನೆ ಶಿಲುಬೆ ಹಾದಿ; ಅದರ ಐದನೇ ಸ್ಥಳದಲ್ಲಿ ಸಿರೇನೆಯ ಸಿಮೋನ ಹೆಗಲು ಕೊಡುವುದನ್ನು ಈಸ್ಟರಿಗೆ ಮುಂಚಿನ ತಪಸ್ಸುಕಾಲದಲ್ಲಿ ಶುಕ್ರವಾರ ಶುಕ್ರವಾರ ಓದುತ್ತೇವೆ. ಪರಮಪ್ರಸಾದ ಹಿಡಿದು ಮನೆಗೆ ಹೋಗಿ, ರೋಗಿಗಳಿಗೆ ಎಣ್ಣೆ ಹಚ್ಚುವ ಸಂಸ್ಕಾರ ಸಾಯುವವರಿಗೆ ಮಾತ್ರ ಅಲ್ಲವೆಂದು ಅವರಿಗೆ ತಿಳಿಸಿ, ಹೋದಾಗ ಬರೀ ಕಾಫಿ ಕುಡಿದು ಬಂದರೂ ಸರಿ ಎಂದೆ. ವಾಸಿಯಾದ ಸಾಕ್ಷಿ ಹೇಳಲು ಹುಡುಗನನ್ನು ಮೈಕಿನ ಮುಂದೆ ನಿಲ್ಲಿಸುವುದು ಮಾತ್ರ ಬೇಡ. ಗುರುಗಳು ಹೋದರು, ಈಗಲೂ ಹೋಗುತ್ತಿದ್ದಾರೆ.

ಆ ತಪಸ್ಸುಕಾಲದಲ್ಲಿ ಸೆಲಿನಮ್ಮ ತಾವಾಗಿಯೇ ಒಂದು ವಿಷಯ ಎತ್ತಿದರು. ಶಿಲುಬೆ ಹಾದಿಯ ಹತ್ತನೇ ಸ್ಥಳ ಬಂದಾಗ ತಮಗೆ ನಿಲ್ಲಲು ಆಗುವುದಿಲ್ಲ ಎಂದರು. ಯೇಸುವಿನ ಬಟ್ಟೆ ಕಳಚುವ ಸ್ಥಳ ಅದು. ರೋಮನರ ಶಿಲುಬೆ ಬರೀ ಕೊಲ್ಲುವ ಯಂತ್ರವಾಗಿರಲಿಲ್ಲ. ದಾರಿಯ ಬದಿಯಲ್ಲಿ, ಹೋಗಿಬರುವವರ ಎದುರು ಬೆತ್ತಲೆ ಮಾಡಿ, ಮನುಷ್ಯನ ಮಾನವನ್ನೇ ತೆಗೆಯುವ ವಿಧಾನ. ಅವಮಾನವನ್ನು ಲೆಕ್ಕಿಸದೆ ಶಿಲುಬೆಯನ್ನು ಸಹಿಸಿದ ಎಂದು ಹಿಬ್ರಿಯರಿಗೆ ಬರೆದ ಪತ್ರದ 12ನೇ ಅಧ್ಯಾಯ ಹೇಳುವುದು ಇದನ್ನೇ. ನಮ್ಮ ಪ್ರಸಂಗಗಳಲ್ಲಿ ಪಾಪಕ್ಕೆ ತೆತ್ತ ಬೆಲೆಯ ಮಾತು ಎಷ್ಟು ಬೇಕಾದರೂ ಕೇಳುತ್ತೇವೆ, ಈ ಬೆತ್ತಲೆಯ ಮಾತು ಅಪರೂಪ. ಪಾಪಿಗೆ ಶಿಲುಬೆಯಲ್ಲಿ ಪಾಲಿದೆ, ಮಾನ ಹೋದವರಿಗೆ ಇಲ್ಲವೇನೋ ಎಂಬ ಹಾಗೆ. ನಾನು ಇದನ್ನೆಲ್ಲ ಸೆಲಿನಮ್ಮನಿಗೆ ಉಪದೇಶ ಮಾಡಲಿಲ್ಲ, "ಅಲ್ಲಿ ಅವರ ಅಮ್ಮನೂ ಇದ್ದರಲ್ಲ" ಎಂದೆ ಅಷ್ಟೇ. "ಆಯಮ್ಮ ಓಡಿಹೋಗ್ಲಿಲ್ಲ" ಎಂದರು. ಮುಂದಿನ ಭಾನುವಾರ ಅವರು ಬೆಂಚಿನಲ್ಲಿ ಕೂತದ್ದನ್ನು ಗುರುಗಳು ತಿಳಿಸಿದರು. ಪಕ್ಕದ ಹೆಂಗಸು ಸುಮ್ಮನೆ ಸರಿದು ಜಾಗ ಕೊಟ್ಟರಂತೆ.

ಎಲ್ಲ ಸರಿಹೋಗಿದೆ ಎಂದಲ್ಲ. ಅತ್ತೆ ಈಗಲೂ ಶಾಪವೆಂದೇ ನಂಬಿದ್ದಾರೆ, ನನ್ನ ಹತ್ತಿರ ಬರಲು ಒಪ್ಪಿಲ್ಲ. ಔಷಧಿಯಿಂದ ಪ್ರವೀಣನ ತೂಕ ಏರಿದೆ, ಡಾಕ್ಟರಿಗೆ ತಿಳಿಸಿ ಸಕ್ಕರೆ ಪರೀಕ್ಷೆ ಮಾಡಿಸಿ ಎಂದಿದ್ದೇನೆ. ಈ ಸಲದ ಹಬ್ಬಕ್ಕೆ ಮಗ ತೇರಿನ ಜೊತೆ ನಡೆಯಬೇಕು, ಊರೆಲ್ಲ ನೋಡಬೇಕು ಎಂದು ಸೆಲಿನಮ್ಮನಿಗೆ ಆಸೆ. ಅದು ಯಾರಿಗೋಸ್ಕರ ಅಮ್ಮ ಎಂದು ಕೇಳಿದೆ, ಉತ್ತರ ಬರಲಿಲ್ಲ. ಅವನನ್ನೇ ಕೇಳಿ, ಅವನು ಹೇಳಿದಂತೆ ಮಾಡಿ ಎಂದೆ. ಬ್ಯಾಂಡ್ ಸೆಟ್ಟಿನ ಸದ್ದು ಆಗುವುದಿಲ್ಲ, ಬೆಳಗಿನ ಬಲಿಪೂಜೆಗೆ ಬರುತ್ತೇನೆ, ತೇರಿಗೆ ಬರುವುದಿಲ್ಲ ಎಂದಿದ್ದಾನೆ. ತೇರಿನ ಹೊತ್ತಿಗೆ ಚಿಕ್ಕಪ್ಪನ ಜೊತೆ ಗದ್ದೆಗೆ ನೀರು ಹಾಯಿಸಲು ಹೋಗುವುದೆಂದು ಮಾತಾಗಿದೆ.