ಆರನೇ ಪುಟದಿಂದ ಶುರು ಮಾಡಿ

ನಮಸ್ಕಾರ,

ಲಿನಕ್ಸ್‌ನಲ್ಲಿ ಪ್ರೊಸೆಸ್‌ಗಳನ್ನು, ಅಂದರೆ ಓಡುತ್ತಿರುವ ಪ್ರೋಗ್ರಾಂಗಳನ್ನು, ನೋಡುವ ಹನ್ನೆರಡು ಕಮಾಂಡ್‌ಗಳ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬಿಟ್ಟುಬಿಡಲೂ ಮನಸ್ಸಿಲ್ಲ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಐದು ಪುಟ ಬರೀ ಮ್ಯಾನ್ ಪೇಜ್, ಅಂದರೆ ಕಮಾಂಡ್‌ಗಳ ಕೈಪಿಡಿ. ಪ್ರೊಸೆಸ್‌ಗಳ ಪಟ್ಟಿ ಕೊಡುವ ಪಿಎಸ್‌ಗೆ ಈ ಆಪ್ಷನ್, ಅದನ್ನೇ ಆಗಾಗ ಹೊಸದಾಗಿ ತೋರಿಸುತ್ತಿರುವ ಟಾಪ್‌ಗೆ ಆ ಕೀ. ಇದು ಟರ್ಮಿನಲ್‌ನಲ್ಲೇ ಸಿಗುತ್ತದೆ, ಅಲ್ವಾ? ಆರನೇ ಪುಟಕ್ಕೆ ಬಂದಾಗ ನಾನು ನೆಟ್ಟಗೆ ಕೂತೆ. ರಾತ್ರಿ ಪಾಳಿಯಲ್ಲಿ ಡಿಸ್ಕ್ ತುಂಬಿತು, ದೊಡ್ಡ ಲಾಗ್ ಫೈಲ್ ಅಳಿಸಿದಿರಿ, ಫೈಲ್‌ಗಳ ಗಾತ್ರ ಕೂಡಿಸುವ ಡಿಯು ಲೆಕ್ಕ ಇಳಿಯಿತು, ಡಿಸ್ಕ್ ಎಷ್ಟು ತುಂಬಿದೆ ಅಂತ ಹೇಳುವ ಡಿಎಫ್ ಮಾತ್ರ ಇನ್ನೂ ನೂರಕ್ಕೆ ನೂರು ಅನ್ನುತ್ತಿತ್ತು, ಗಾಬರಿಯಲ್ಲಿ ಇನ್ನೂ ಏನೇನೋ ಅಳಿಸಲು ಹೊರಟವರು ಕೊನೆಗೆ ಯಾವ ಪ್ರೊಸೆಸ್ ಯಾವ ಫೈಲ್ ತೆರೆದಿದೆ ಅಂತ ತೋರಿಸುವ ಎಲ್‌ಎಸ್‌ಒಎಫ್ ಹೊಡೆದಿರಿ. ಅಷ್ಟನ್ನೂ ನಾಲ್ಕು ಸಾಲಲ್ಲಿ ಮುಗಿಸಿದ್ದೀರಲ್ಲ! ಲೇಖನ ಇರುವುದೇ ಅಲ್ಲಿ. ಅಳಿಸಿದಾಗ ಹೋದದ್ದು ಫೈಲಿನ ಹೆಸರು ಮಾತ್ರ, ಅದನ್ನು ತೆರೆದು ಹಿಡಿದಿದ್ದ ಪ್ರೊಸೆಸ್ ಬಿಡುವ ತನಕ ಜಾಗ ವಾಪಸ್ ಬರುವುದಿಲ್ಲ ಅನ್ನುವುದು ನಿಮಗೆ ಹೊಳೆದ ಆ ಕ್ಷಣವನ್ನು ನಿಧಾನವಾಗಿ ಬರೆಯಿರಿ. ಸರ್ವಿಸ್ ರೀಸ್ಟಾರ್ಟ್ ಮಾಡಲೇಬೇಕಿತ್ತಾ, ಅದನ್ನೂ ಯೋಚಿಸಿ. ಪ್ರೊಸೆಸ್‌ಗಳ ಮಾಹಿತಿ ಸಿಗುವ ಪ್ರಾಕ್ ಡೈರೆಕ್ಟರಿಯ ಒಳಗೆ, ಆ ಪ್ರೊಸೆಸ್ ತೆರೆದಿರುವ ಫೈಲ್‌ಗಳನ್ನು ತೋರಿಸುವ ಎಫ್‌ಡಿ ಡೈರೆಕ್ಟರಿಗೆ ಹೋಗಿ ಅದೇ ಫೈಲನ್ನು ಸೊನ್ನೆಗೆ ಇಳಿಸಬಹುದಿತ್ತು.

ತಪ್ಪುಗಳೂ ಇವೆ. ಝಾಂಬಿ, ಅಂದರೆ ಮುಗಿದ ಮೇಲೂ ಪಟ್ಟಿಯಲ್ಲಿ ಉಳಿದ ಪ್ರೊಸೆಸ್, ಕಂಡರೆ ಬಲವಂತವಾಗಿ ಸಾಯಿಸುವ ಕಿಲ್ ಮೈನಸ್ 9 ಹೊಡೆಯಿರಿ ಅಂದಿದ್ದೀರಿ. ಸತ್ತದ್ದನ್ನು ಮತ್ತೆ ಹೇಗೆ ಸಾಯಿಸುವುದು ಮಾರಾಯ್ರೇ? ಅಲ್ಲಿ ಉಳಿದಿರುವುದು ಪ್ರೊಸೆಸ್ ಟೇಬಲ್‌ನ ಒಂದು ಸಾಲು, ಅದನ್ನು ತೆಗೆಯಬೇಕಾದ್ದು ಅದರ ಪೇರೆಂಟ್, ಅಂದರೆ ಅದನ್ನು ಹುಟ್ಟಿಸಿದ ಪ್ರೊಸೆಸ್. ಪಿಎಸ್, ಟಾಪ್ ಎರಡರಲ್ಲೂ ಸಿಪಿಯು ಲೆಕ್ಕ ಒಂದೇ ಅಂದದ್ದೂ ಸರಿಯಲ್ಲ. ಲಿನಕ್ಸ್‌ನ ಪಿಎಸ್ ಹೇಳುವುದು ಪ್ರೊಸೆಸ್ ಹುಟ್ಟಿದಾಗಿನಿಂದ ಇಲ್ಲಿವರೆಗಿನ ಸರಾಸರಿ, ಟಾಪ್ ಹೇಳುವುದು ಕಳೆದ ಕೆಲವು ಸೆಕೆಂಡುಗಳದ್ದು. ಹತ್ತು ದಿನ ಸುಮ್ನೆ ಬಿದ್ದಿದ್ದು ಈಗಷ್ಟೇ ಹುಚ್ಚೆದ್ದ ಪ್ರೊಸೆಸ್ ಪಿಎಸ್‌ನಲ್ಲಿ ಸಾಧುವಿನ ಹಾಗೆ ಕಾಣುತ್ತದೆ. ಪ್ರೊಸೆಸ್ ಕರ್ನಲ್‌ಗೆ ಮಾಡುವ ಕರೆಗಳನ್ನು ಒಂದೊಂದಾಗಿ ತೋರಿಸುವ ಎಸ್‌ಟ್ರೇಸ್ ಹಚ್ಚಿದರೆ ಪ್ರೊಸೆಸ್ ತುಂಬಾ ನಿಧಾನವಾಗಬಹುದು, ಆ ಎಚ್ಚರಿಕೆಯೇ ನಿಮ್ಮಲ್ಲಿಲ್ಲ.

ಇತಿಹಾಸದ ಪ್ಯಾರಾ ಕಿತ್ತುಹಾಕಿ. 1984ರಲ್ಲಿ ವಿಲಿಯಂ ಲೆಫೆಬ್ರ್ ಟಾಪ್ ಬರೆದರು ಅಂತ ತಿಳಿದರೆ ಓದುಗರಿಗೆ ಯಾವ ಕೆಲಸವೂ ಸುಲಭವಾಗುವುದಿಲ್ಲ. ಒಂದನ್ನು ಬೇಕಾದರೆ ಇಟ್ಟುಕೊಳ್ಳಿ. ಬೆಲ್ ಲ್ಯಾಬ್ಸ್‌ನ ಟಾಮ್ ಕಿಲಿಯನ್ ಅದೇ 1984ರಲ್ಲಿ ಪ್ರೊಸೆಸ್‌ಗಳನ್ನು ಫೈಲ್‌ಗಳ ಹಾಗೆ ತೋರಿಸುವ ಪ್ರಾಕ್ ಬಗ್ಗೆ ಬರೆದರು. ನೀವು ಹನ್ನೆರಡು ಅಂತ ಎಣಿಸಿದ ಕಮಾಂಡ್‌ಗಳಲ್ಲಿ ಹೆಚ್ಚಿನವು ಲಿನಕ್ಸ್‌ನಲ್ಲಿ ಇವತ್ತಿಗೂ ಆ ಒಂದು ಡೈರೆಕ್ಟರಿಯನ್ನು ಓದಿ ಬೇರೆ ಬೇರೆ ಥರ ಬಡಿಸುತ್ತವೆ. ನಂಬಿಕೆ ಇಲ್ಲದಿದ್ದರೆ ಪಿಎಸ್ ಮೇಲೇ ಎಸ್‌ಟ್ರೇಸ್ ಹಚ್ಚಿ ನೋಡಿ, ಪ್ರಾಕ್‌ನ ಫೈಲ್‌ಗಳನ್ನು ಒಂದೊಂದಾಗಿ ತೆರೆಯುವುದು ಕಾಣುತ್ತದೆ. ಹನ್ನೆರಡರಲ್ಲಿ ನಾಲ್ಕು ಉಳಿಸಿಕೊಂಡರೆ ಜಾಸ್ತಿಯೇ ಆಯಿತು.

ತಿದ್ದಿ ಮತ್ತೆ ಕಳಿಸಿ, ಖಂಡಿತ ಓದುತ್ತೇನೆ. ಅದಕ್ಕೂ ಮೊದಲು ಒಂದು ಅರ್ಜೆಂಟ್ ವಿಷಯ. ನೀವು ಅಂಟಿಸಿರುವ ಪಿಎಸ್ ಔಟ್‌ಪುಟ್‌ನ ಮೂರನೇ ಸಾಲಲ್ಲಿ, ಬ್ಯಾಕಪ್ ಸ್ಕ್ರಿಪ್ಟ್‌ಗೆ ಕೊಟ್ಟ ಡೇಟಾಬೇಸ್ ಪಾಸ್‌ವರ್ಡ್ ಪೂರ್ತಿ ಕಾಣುತ್ತಿದೆ. ಅಂದರೆ ಆ ಮಷೀನಿಗೆ ಲಾಗಿನ್ ಆಗುವ ಎಲ್ಲರಿಗೂ ಕಾಣುತ್ತಿರಬಹುದು. ಲೇಖನ ಆಮೇಲೆ, ಅದನ್ನು ಇವತ್ತೇ ಬದಲಿಸಿ.