ಹಿನ್ನೀರಿನ ಹೆಬ್ಬಾತುಗಳು ಹೊರಡುವ ಮುನ್ನ

ಪ್ರಶ್ನೆ: ಶಿವರಾತ್ರಿಯ ನಂತರ ಗೆಳೆಯರೊಂದಿಗೆ ತುಂಗಭದ್ರಾ ಹಿನ್ನೀರಿಗೆ ಪಕ್ಷಿ ವೀಕ್ಷಣೆಗೆ ಹೋಗಬೇಕೆಂದಿದ್ದೇವೆ. ಆ ವೇಳೆಗೆ ಪಟ್ಟೆತಲೆ ಹೆಬ್ಬಾತುಗಳು ಇರುತ್ತವೆಯೇ?
– ಓದುಗರೊಬ್ಬರು, ಕೊಪ್ಪಳ

ಉತ್ತರ: ಮಾರ್ಚ್ ಆರಂಭದವರೆಗೂ ಕೆಲವು ಗುಂಪುಗಳು ಉಳಿದಿರುವ ಸಾಧ್ಯತೆಯಿದೆ, ತಡಮಾಡಬೇಡಿ. ಮಂಗೋಲಿಯ, ಟಿಬೆಟ್‌ಗಳ ಕಡೆಯಿಂದ ಹಿಮಾಲಯವನ್ನು ದಾಟಿ ಬರುವ ಈ ಹಕ್ಕಿಗಳು ನಸುಕಿನಲ್ಲಿ ಸುತ್ತಲಿನ ಹೊಲಗಳಲ್ಲಿ ಮೇದು, ಬಿಸಿಲೇರಿದಂತೆ ನೀರಿನಂಚಿಗೆ ಮರಳುವುದರಿಂದ, ಸೂರ್ಯೋದಯಕ್ಕೆ ಮುನ್ನವೇ ನೀವು ಅಲ್ಲಿರಬೇಕು. ಆ ಹೊತ್ತಿನಲ್ಲಿ ನೀರಿನ ಮೇಲಿಂದ ಬೀಸುವ ಗಾಳಿ ಇನ್ನೂ ಕೊರೆಯುತ್ತದೆ. ಮಣ್ಣಿನ ಬಣ್ಣದ ಸ್ವೆಟರ್ ಇರಲಿ. ಬಿಳಿಯ ತಲೆಯ ಹಿಂಭಾಗದಲ್ಲಿರುವ ಎರಡು ಕಪ್ಪು ಪಟ್ಟೆಗಳನ್ನು ದುರ್ಬೀನಿನಿಂದ ದೂರದಲ್ಲಿಯೇ ಗುರುತಿಸಬಹುದು. ಮೇಯುತ್ತಿದ್ದ ಗುಂಪು ಒಮ್ಮೆಲೇ ಕತ್ತೆತ್ತಿದರೆ ಎಲ್ಲರೂ ನಿಂತಲ್ಲೇ ನಿಲ್ಲಿ. ಮರುಪ್ರಯಾಣಕ್ಕಾಗಿ ಅವು ಮೈಯಲ್ಲಿ ಕೊಬ್ಬು ಕೂಡಿಸಿಕೊಳ್ಳುವ ಕಾಲವಿದು. ಫೋಟೊಗಾಗಿ ಅವುಗಳನ್ನು ಬೆದರಿಸಿ ಹಾರಿಸುವುದು ಅನ್ಯಾಯವೆಂದೇ ನನ್ನ ಭಾವನೆ.